ಗಾಡಿಗೆ ಎಷ್ಟು ಬಿಸಿಲು ಬೇಕು

ನಮ್ಮ ಕಡೆ ಉರುಳುವುದೆಲ್ಲ ಗಾಡಿ. ಎತ್ತು ಕಟ್ಟಿದ್ದೂ ಗಾಡಿ, ಕಾಯಿಪಲ್ಲೆ ಹೇರಿಕೊಂಡು ತಳ್ಳುತ್ತ ಬರುವುದೂ ಗಾಡಿ. ಬೈಕು ಗಾಡಿ, ಸ್ಕೂಟರು ಗಾಡಿ, ಟೆಂಪೊ ಗಾಡಿ, ಮದುಮಗ ಇಳಿಯುವ ಹೂ ಮೆತ್ತಿದ ಕಾರೂ ಗಾಡಿ. ಬಸ್ಸು ತಪ್ಪಿಸಿಕೊಂಡವರೂ ‘ಗಾಡಿ ಹೋತು’ ಎಂದೇ ಕೈ ಚೆಲ್ಲುತ್ತಾರೆ. ಯಾವ ಗಾಡಿ ಎಂದು ಯಾರೂ ಕೇಳುವುದಿಲ್ಲ. ಹೇಳಿದವರ ಮುಖ ನೋಡಿ ತಿಳಿದುಕೊಳ್ಳುತ್ತಾರೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಒಂದೇ ಶಬ್ದಕ್ಕೆ ಏನೇನು ಅರ್ಥ ಎಂದು ಬೋರ್ಡಿನ ಮೇಲೆ ಬರೆದು ಮಕ್ಕಳ ತಲೆ ತಿನ್ನುವುದೇ ನನ್ನ ಉದ್ಯೋಗ. ಆದರೂ ಈ ಶಬ್ದ ನಮ್ಮ ಮನೆಯೊಳಗೇ ಒಂದು ವರ್ಷ ಎರಡು ಅರ್ಥ ಹೊತ್ತುಕೊಂಡು ತಿರುಗಾಡಿದ್ದು ನನಗೆ ತಿಳಿಯಲಿಲ್ಲ.

ಮನೆ ಇರುವುದು ಹಾನಗಲ್ ತಾಲೂಕಿನ ಅಕ್ಕಿಆಲೂರಿನಲ್ಲಿ, ಶಾಲೆ ಇರುವುದು ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಲ್ಲಿ. ಬೆಳಿಗ್ಗೆ ಹಾನಗಲ್‌ವರೆಗೆ ಒಂದು ಬಸ್ಸು, ಅಲ್ಲಿಂದ ಶಿಗ್ಗಾಂವಿಗೆ ಇನ್ನೊಂದು, ಮುಂದೆ ಸಿಕ್ಕಿದ್ದು. ನಮ್ಮೂರ ಬಸ್ಸು ಹಾನಗಲ್ ಸ್ಟ್ಯಾಂಡಿಗೆ ಮುಟ್ಟುವ ಹೊತ್ತಿಗೆ ಶಿಗ್ಗಾಂವಿ ಬಸ್ಸು ತುಂಬಿ, ಬಾಗಿಲಲ್ಲಿ ಹುಡುಗರು ಜೋತಾಡುತ್ತಿರುತ್ತಾರೆ. ನಾನು ಕಂಬಿ ಹಿಡಿದು ನಿಂತುಕೊಂಡು ಹೋಗುತ್ತೇನೆ, ಶಾಲೆಯಲ್ಲಿ ನಿಂತುಕೊಂಡು ಕಲಿಸುತ್ತೇನೆ, ಸಂಜೆ ಮತ್ತೆ ನಿಂತುಕೊಂಡು ಬರುತ್ತೇನೆ. ಎರಡು ವರ್ಷದ ಹಿಂದೆ ಬಲ ಮೊಣಕಾಲು ಬಾತುಕೊಂಡಿತು. ‘ನಿಂದ್ರೂದು ಕಡಿಮಿ ಮಾಡ್ರಿ’ ಎಂದರು ಡಾಕ್ಟರು. ‘ಬಸ್ಸಿನವರಿಗೆ ಹೇಳ್ರಿ ಇದನ್ನ’ ಎಂದು ನಾನು ಎದ್ದು ಬಂದೆ. ವರ್ಗಾವಣೆ ಯಾಕೆ ಕೇಳಲಿಲ್ಲ ಎಂದು ಬಹಳ ಮಂದಿ ಕೇಳುತ್ತಾರೆ. ಕೇಳಿದ್ದೆ. ಹತ್ತಿರದಲ್ಲಿ ಕನ್ನಡದ ಜಾಗ ಖಾಲಿ ಇರಲಿಲ್ಲ, ಇವತ್ತಿಗೂ ಇಲ್ಲ.

ಮನೆಯಲ್ಲಿ ನಾವು ಮೂರೇ ಮಂದಿ. ನಮ್ಮ ಮನೆಯವರು ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಇವರ ತಾಯಿ, ಅಂದರೆ ನಮ್ಮ ಅತ್ತೆ, ಸವಣೂರಿನಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವರು. ಬಂದು ಐವತ್ತು ವರ್ಷ ದಾಟಿದ್ದರೂ ಇಲ್ಲಿಯ ಮೆಣಸಿನಕಾಯಿಗೆ ಖಾರ ಇಲ್ಲ, ಇಲ್ಲಿಯ ಎಲೆ ಅಡಿಕೆಗೆ ರುಚಿ ಇಲ್ಲ ಎಂಬ ತಕರಾರನ್ನು ಅವರು ಇನ್ನೂ ಬಿಟ್ಟಿಲ್ಲ.

ಒಂದು ಸಂಜೆ ಊಟಕ್ಕೆ ಕುಳಿತಾಗ ಇವರು ನನ್ನ ಮೊಣಕಾಲಿನ ಪಟ್ಟಿ ನೋಡಿ, ‘ಸಾಕ ಬಿಡು ಇನ್ನ ನೌಕರಿ. ಕಾಲು ಹೋದ್ರ ಯಾವ ಸರ್ಕಾರ ಕಾಲು ಕೊಡತೈತಿ?’ ಎಂದರು. ಅತ್ತೆ ರೊಟ್ಟಿ ಮುರಿಯುತ್ತ ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೆ. ಅವರಿಗೂ ಅದೇ ಬೇಕಾಗಿದೆ ಎಂದು ನಾನು ಅಂದುಕೊಂಡೆ. ಸೊಸೆ ಮನೆಯಲ್ಲಿರಬೇಕು ಎಂದು ಯಾವ ಅತ್ತೆಗೆ ಅನ್ನಿಸುವುದಿಲ್ಲ?

ನನಗೆ ಬಿಡುವ ಮನಸ್ಸು ಒಂದು ಚೂರೂ ಇರಲಿಲ್ಲ. ಅದನ್ನು ಈಗ ನೇರವಾಗಿಯೇ ಹೇಳುತ್ತೇನೆ: ಆ ನೌಕರಿ ನನಗೆ ಪ್ರಾಣ. ಮನೆಯಲ್ಲಿ ನಾನು ಸೊಸೆ, ಪೇಟೆಯಲ್ಲಿ ಅಂಗಡಿ ಸಾವಕಾರರ ಹೆಂಡತಿ. ಹಿರೇಬೆಂಡಿಗೇರಿಯ ಆ ಹಂಚಿನ ಕೋಣೆಯೊಳಗೆ ನಾನು ಕಾಲಿಟ್ಟರೆ ಮಾತ್ರ ಗದ್ದಲ ನಿಲ್ಲುತ್ತದೆ. ಓದಲು ಎದ್ದು ನಿಂತ ಹುಡುಗಿ ಮೊದಲ ಸಾಲಿನಲ್ಲಿ ತಡವರಿಸಿ, ಎರಡನೆಯ ಸಾಲಿನಲ್ಲಿ ದನಿ ಹಿಡಿಯುವುದನ್ನು ಕೇಳುವ ಸುಖ ಮನೆಯ ಯಾವ ಮೂಲೆಯಲ್ಲೂ ಸಿಗುವುದಿಲ್ಲ. ನಿವೃತ್ತಿಗೆ ಇನ್ನೂ ವರ್ಷಗಳಿವೆ. ಅವನ್ನು ಒಂದು ಮೊಣಕಾಲಿಗೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ದಾರಿ ತೋರಿಸಿದವರು ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿ. ಅವರು ಶಿಗ್ಗಾಂವಿಯಿಂದ ಕರೆಂಟಿನ ಕಾರಿನಲ್ಲಿ ಬರುತ್ತಾರೆ. ಮನೆ ಮೇಲೆ ಸೋಲಾರ್ ಹಾಕಿಸಿಕೊಂಡಿದ್ದಾರೆ. ಪೆಟ್ರೋಲಿನ ಕಾರಿನಲ್ಲಿ ದಿನಾ ಅಷ್ಟು ದೂರ ಓಡಾಡಿದರೆ ನನ್ನ ಪಗಾರ ಬಂಕಿನವರಿಗೇ ಸಾಲುವುದಿಲ್ಲ. ಬಿಸಿಲಿನಿಂದ ಓಡಿದರೆ ಸಾಲುತ್ತದೆ. ಈ ಲೆಕ್ಕವನ್ನೆಲ್ಲ ಮನಸ್ಸಿನಲ್ಲೇ ಮುಗಿಸಿಕೊಂಡು ಬಂದು, ಇವರ ಮುಂದೆ ಕೊನೆಯದನ್ನಷ್ಟೇ ಒಂದೇ ಉಸಿರಿಗೆ ಹೇಳಿದೆ.

‘ಮದ್ಲ ಮಾಳಿಗಿ ಮ್ಯಾಲೆ ಸೋಲಾರ್ ಹಾಕಸೂಣು. ಆಮ್ಯಾಲೆ ಕರೆಂಟಿನ ಗಾಡಿ ತಗೊಳ್ಳೂಣು. ಗಾಡಿ ಆತಂದ್ರ ನೌಕರಿ ಮಾಡ್ತೇನಿ. ಇಲ್ಲಾಂದ್ರ ಬರೂ ಜೂನಿಗೆ ಬಿಟ್ಟ ಬಿಡ್ತೇನಿ. ಆಮ್ಯಾಲೆ ನನ್ನ ಏನೂ ಕೇಳಬ್ಯಾಡ್ರಿ.’

‘ಹೌದಲ್ಲ!’ ಎಂದರು ಇವರು. ‘ಇದು ನನಗ್ಯಾಕ ಹೊಳೀಲಿಲ್ಲ? ತಗೊಳ್ಳೂಣು, ಗಾಡಿ ಏನ ದೊಡ್ಡ ಮಾತು.’

ಇವರು ಒಂದು ಗೊಬ್ಬರದ ಚೀಲ ತರಿಸಬೇಕಾದರೂ ನಾಲ್ಕು ದಿನ ಯೋಚಿಸುವವರು. ಇಷ್ಟು ಸಲೀಸಾಗಿ ಹೂಂ ಅಂದಾಗಲೇ ನಾನು ಅನುಮಾನ ಪಡಬೇಕಿತ್ತು. ಪಡಲಿಲ್ಲ, ಯಾಕೆಂದರೆ ಸಂತೋಷವಾಗಿತ್ತು.

ಕಲಿಯಲು ಶುರುಮಾಡಿದೆ. ಶಾಲೆ ಬಿಟ್ಟ ಮೇಲೆ ವಿಜ್ಞಾನದ ಶಿಕ್ಷಕಿ ತಮ್ಮ ಕಾರನ್ನು ಮೈದಾನಕ್ಕೆ ಇಳಿಸಿ ನನ್ನನ್ನು ಚಕ್ರದ ಮುಂದೆ ಕೂರಿಸುತ್ತಿದ್ದರು. ವಾಲಿಬಾಲಿನ ಕಂಬಗಳ ಸುತ್ತ ತಿರುಗಿ ತಿರುಗಿ ಕೈ ಕುದುರಿತು. ಆಮೇಲೆ ರಸ್ತೆಗೆ ಇಳಿದೆ, ಲೈಸೆನ್ಸೂ ಆಯಿತು. ಮನೆಗೆ ಬಂದು ‘ಇವತ್ತ ಗಾಡಿ ರಸ್ತೆಕ್ಕ ಇಳಸಿದ್ನಿರಿ’ ಎಂದರೆ ಇವರು ಪೇಪರಿನಿಂದ ತಲೆ ಎತ್ತಿ, ‘ಹುಷಾರು, ಬೀಳಬ್ಯಾಡ ಮತ್ತ’ ಎನ್ನುತ್ತಿದ್ದರು. ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ನಗುತ್ತಿದ್ದೆ. ಇವರೂ ನಗುತ್ತಿದ್ದರು.

ಸೋಲಾರ್ ಹಾಕುವವರನ್ನು ಹುಡುಕಿದ್ದು ಇವರೇ. ಹಿರೇಕೆರೂರಿನವರು, ಇವರ ಅಂಗಡಿಗೆ ಬರುವ ಗಿರಾಕಿಯೊಬ್ಬರ ಮನೆಗೆ ಹಾಕಿದ್ದರು. ಮೊದಲು ಫೋನಿನಲ್ಲಿ ನನ್ನ ಜೊತೆ ಮಾತಾಡಿದರು. ಮನೆಯಲ್ಲಿ ಏನೇನು ಇದೆ ಎಂದು ಕೇಳಿದರು. ಫ್ರಿಜ್ಜು, ಮಿಕ್ಸರು, ಪಂಪು, ಫ್ಯಾನುಗಳು ಎಲ್ಲ ಹೇಳಿದೆ.

‘ಮುಂದ ಗಾಡಿ ಚಾರ್ಜ್ ಮಾಡೂದೈತ್ರಿ. ಗಾಡಿ ಬಂದ ಮ್ಯಾಲೆ ಮತ್ತ ಬಿಚ್ಚೂದು ಕಟ್ಟೂದು ಬ್ಯಾಡ. ಅದನ್ನೂ ಹಿಡದ ಪ್ಲಾನ್ ಹಾಕ್ರಿ.’

‘ಆತ್ರಿ ಮೇಡಮ್. ಗಾಡಿ ಯಾರು ಹೊಡಿಯೋರ್ರಿ?’

‘ನಾನ.’

‘ಹಾಂ, ಹಂಗಾರ ಸಣ್ಣದ ಸಾಕ್ರಿ.’

ನನಗೂ ಸಣ್ಣ ಕಾರೇ ಬೇಕಿತ್ತು. ಎಷ್ಟು ತಿಳಿದ ಮನುಷ್ಯ ಎಂದುಕೊಂಡೆ.

ನೋಡಲು ಬಂದ ದಿನ ಅವರಿಗೆ ಎದುರಾದವರು ಅತ್ತೆ. ನಮ್ಮ ಮಾಳಿಗೆಯ ದಕ್ಷಿಣದ ಅರ್ಧ ಅತ್ತೆಯದು. ಅಲ್ಲಿ ಮರದ ನೆರಳಿಲ್ಲ, ಟ್ಯಾಂಕಿನ ನೆರಳಿಲ್ಲ. ಬೇಸಿಗೆ ಬಂತೆಂದರೆ ಓಣಿಯ ಹೆಂಗಸರು ಮಣೆ, ಜರಡಿ, ಹಳೆಯ ಧೋತರ ಹಿಡಿದುಕೊಂಡು ಅಲ್ಲಿಗೆ ಏರುತ್ತಾರೆ. ಇವತ್ತು ಒಬ್ಬರ ಮನೆಯ ಶಾವಿಗೆ, ನಾಳೆ ಇನ್ನೊಬ್ಬರ ಮನೆಯ ಸಂಡಿಗೆ, ನಾಡಿದ್ದು ಮತ್ತೊಬ್ಬರ ಹಪ್ಪಳ. ಕೂಲಿ ಇಲ್ಲ, ಮುಯ್ಯಿ. ಹೊಲದಲ್ಲಿ ಮುಯ್ಯಾಳು ಹೋದಂತೆ: ನಾನು ನಿನ್ನ ಹೊಲದ ಕಳೆ ತೆಗೆದರೆ ನೀನು ಬಂದು ನನ್ನ ಹೊಲದ್ದು ತೆಗೆಯಬೇಕು. ಯಾರದು ಎಷ್ಟಾಯಿತು, ಯಾರದು ಬಾಕಿ ಎಂಬುದೆಲ್ಲ ಅತ್ತೆಯ ಬಾಯಲ್ಲೇ ಇರುತ್ತದೆ. ಆ ಎರಡು ತಿಂಗಳು ಅವರು ಊಟಕ್ಕೂ ಕೆಳಗೆ ಇಳಿಯಲು ಬೇಸರಪಡುತ್ತಾರೆ.

ಸೋಲಾರಿನವರು ಟೇಪು ಹಿಡಿದು ನಿಂತಿದ್ದನ್ನು ಅತ್ತೆ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು.

‘ಅಲ್ಲೋ ತಮ್ಮಾ, ಬಿಸಲು ಬೀಳೂದು ಹಗಲಿಗೆ. ಗಾಡಿ ಹಗಲೆಲ್ಲಾ ಹೊರಗ ಇರತೈತಿ. ಸಂಜಿಗೆ ಗಾಡಿ ಬರತೈತಿ, ಬಿಸಲು ಹೋಗಿರತೈತಿ. ಅವೆರಡಕ್ಕೂ ಗಂಟ ಹಾಕೋರು ಯಾರೋ?’

‘ಹಗಲಿನ ಕರೆಂಟು ಲೈನಿಗೆ ಹೋಗತೈತ್ರಿ ಅಮ್ಮಾರ. ಮೀಟರು ಅದನ್ನ ಬರಕೊಂತೈತಿ. ರಾತ್ರಿ ನಿಮಗ ಬೇಕಾದಾಗ ಲೈನಿಂದ ವಾಪಸ್ ಬರತೈತ್ರಿ. ಬ್ಯಾಸಗ್ಯಾಗ ಹೆಚ್ಚು ಕೊಟ್ಟಿರತೀರಿ, ಮಳಿಗಾಲದಾಗ ಮಾಡ ಕವದಾಗ ಅದನ್ನ ತಗೋತೀರಿ.’

‘ಅಂದ್ರ ಮುಯ್ಯಿ ಅನ್ನು.’

‘ಹೌದ್ರಿ, ಮುಯ್ಯಿನ’ ಎಂದು ಅವರು ನಕ್ಕರು. ಅತ್ತೆಗೆ ಸಮಾಧಾನವಾಯಿತು, ಆದರೆ ಮಾಳಿಗೆಯ ವಿಷಯದಲ್ಲಿ ಅಲ್ಲ. ‘ಮುಯ್ಯಿ ಏನರ ಇರ್ಲಿ, ನನ್ನ ಜಾಗಾ ಮುಟ್ಟೂಹಂಗಿಲ್ಲ ನೋಡು. ನೆಳ್ಳಾಗ ಹಾಕಿದ್ರ ಸಂಡಿಗಿ ಮುಗ್ಗ ಹಿಡಿತಾವ.’

‘ಏ, ಇಲ್ಲ ಬಿಡ್ರಿ. ಈ ಗಾಡಿಗೆ ನಿಮ್ಮ ಜಾಗಾ ಬೇಕಾಗೂದೇ ಇಲ್ಲ. ಪ್ಯಾನೆಲ್ ಎಲ್ಲಾ ಮೆಟ್ಟಲ ಖೋಲಿ ಮ್ಯಾಲೆ ಕುಂತ ಬಿಡತಾವ.’

ಎಲ್ಲರಿಗೂ ಹಾಯೆನಿಸಿತು. ವಿಜ್ಞಾನ ಶಿಕ್ಷಕಿಯ ಮನೆ ಮೇಲೆ ಇಡೀ ಮಾಳಿಗೆ ತುಂಬ ಹಾಸಿದ್ದು ನೆನಪಾಗಿ ನನಗೆ ಒಂದಿಷ್ಟು ಕಸಿವಿಸಿಯಾಯಿತು. ಈಗ ಹೊಸ ಥರದ ಫಲಕ ಬಂದಿರಬೇಕು, ಸಣ್ಣವೇ ಬಹಳ ಎಳೆಯುತ್ತಿರಬೇಕು ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ. ಮನೆಯಲ್ಲಿ ಯಾರೂ ಜಗಳವಾಡದೆ ಒಂದು ಕೆಲಸ ಆಗುತ್ತಿರುವಾಗ ಅದನ್ನು ಕೆದಕುವ ಧೈರ್ಯ ಯಾರಿಗಿರುತ್ತದೆ?

ಕರೆಂಟಿನ ಆಫೀಸಿನ ಓಡಾಟ ಮುಗಿದು ಕೆಲಸ ಶುರುವಾಗುವ ಹೊತ್ತಿಗೆ ಮೇ ತಿಂಗಳು ಬಂದಿತ್ತು. ಶಾಲೆಗೆ ರಜೆ. ಸೋಲಾರಿನವರು ಬೆಳಿಗ್ಗೆಯೇ ಬಂದು ಚಾರ್ಜಿಂಗ್ ಪಾಯಿಂಟ್ ಎಲ್ಲಿ ಕೊಡಲಿ ಎಂದು ಕೇಳಿದರು. ನಾನು ಅಂಗಳಕ್ಕೆ ಕರೆದುಕೊಂಡು ಹೋಗಿ ಕಂಪೌಂಡಿನ ಗೋಡೆ ತೋರಿಸಿದೆ.

‘ಇಲ್ಲೆ ಕೊಡ್ರಿ. ಗೇಟು ದೊಡ್ಡದ ಮಾಡಸಬೇಕು, ಅದನ್ನ ಬ್ಯಾರೆಯವರಿಗೆ ಹೇಳೇನಿ.’

‘ಗೇಟ್ಯಾಕ ದೊಡ್ಡದು ಮಾಡಸ್ತೀರಿ? ಮಳಿ ಹೊಡಿತೈತಿ ಇಲ್ಲೆ. ಪಡಸಾಲ್ಯಾಗ ಕೊಡತೇನಿ, ಒಳಗ ತಂದ ಹಚ್ರಿ.’

‘ಪಡಸಾಲ್ಯಾಗ? ಗಾಡಿ ಪಡಸಾಲಿಗೆ ಹೆಂಗ ಬರತೈತ್ರಿ?’

‘ಪಡಸಾಲಿ ಕಟ್ಟಿಗೆ ಒಂದ ಹಲಗಿ ಆಣಿಸಿದ್ರ ಆತ್ರಿ. ನಮ್ಮ ಮನ್ಯಾಗೂ ಹಂಗ ಏರಸ್ತೇವಿ.’

ನಾನು ಅವರ ಮುಖ ನೋಡಿದೆ. ಹಲಗೆ ಇಟ್ಟು ಕಾರನ್ನು ಪಡಸಾಲೆಗೆ ಏರಿಸುವ ಈ ಮನುಷ್ಯನ ಕೈಯಲ್ಲಿ ಮನೆಯ ವೈರು ಕೊಟ್ಟೆನಲ್ಲ ಎಂದು ಎದೆ ಧಸಕ್ ಎಂದಿತು. ಅವರೂ ನನ್ನ ಮುಖ ನೋಡುತ್ತಿದ್ದರು. ಅವರ ಎದೆಯಲ್ಲೂ ಅಂಥದ್ದೇನೋ ಆಗಿರಬೇಕು.

‘ಮೇಡಮ್,’ ಎಂದರು ಮೆಲ್ಲಗೆ, ‘ಎಷ್ಟ ಗಾಲಿ ಗಾಡಿರಿ?’

‘ನಾಕು! ಕಾರಿಗೆ ಎಷ್ಟ ಗಾಲಿ ಇರತಾವ್ರಿ?’

ಇವರು ಆಗಷ್ಟೇ ಚಹಾ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದರು. ‘ನಾಕ ಗಾಲಿ?’ ಎಂದರು. ‘ಯಾರಿಗೆ?’

‘ನನಗ! ಒಂದ ವರ್ಷ ಆತು ಗಾಡಿ ಗಾಡಿ ಅನ್ನಾಕತ್ತು. ಏನ ತಿಳಕೊಂಡಿದ್ರಿ ನೀವು?’

‘ಗಾಡಿ ಅಂತ ತಿಳಕೊಂಡಿದ್ದೆ.’

ಸೋಲಾರಿನವರು ಗೋಡೆಯ ಕಡೆ ತಿರುಗಿ ಇಲ್ಲದ ಬಿರುಕನ್ನು ಪರೀಕ್ಷಿಸತೊಡಗಿದರು. ಇವರು ಚಹಾದ ಕಪ್ಪುಗಳನ್ನು ಕಟ್ಟೆಯ ಮೇಲಿಟ್ಟು ತಮ್ಮ ಯೋಜನೆ ಬಿಚ್ಚಿದರು. ಕರೆಂಟಿನ ಸ್ಕೂಟರು. ಅದರಲ್ಲಿ ನಾನು ಬೆಳಿಗ್ಗೆ ಬೇಗ ಹೊರಟು ಹಾನಗಲ್ ಸ್ಟ್ಯಾಂಡಿಗೆ ಹೋಗುವುದು, ಅಲ್ಲಿ ಗಾಡಿ ನಿಲ್ಲಿಸುವುದು, ಶಿಗ್ಗಾಂವಿ ಬಸ್ಸು ತುಂಬುವ ಮೊದಲೇ ಹತ್ತಿ ಕಿಟಕಿ ಪಕ್ಕ ಕೂರುವುದು. ಮೊಣಕಾಲಿಗೂ ಆರಾಮು. ಇಷ್ಟೆಲ್ಲ ಇವರು ಒಂದು ವರ್ಷದಿಂದ ತಲೆಯಲ್ಲಿ ಚಂದಗೆ ಹೆಣೆದಿಟ್ಟುಕೊಂಡಿದ್ದರು.

‘ಮೈದಾನದಾಗ ಗಾಡಿ ಕಲಿಯಾಕತ್ತೇನಿ ಅಂದಾಗ?’

‘ಬೀಳಬ್ಯಾಡ ಅಂತ ಹೇಳಿದ್ನೆಲ್ಲ.’

‘ಲೈಸೆನ್ಸ್ ಆತು ಅಂದಾಗ?’

‘ಸ್ಕೂಟರಿಗೂ ಬೇಕಲ್ಲ ಅದು.’ ತಡೆದು ಮುಂದುವರಿಸಿದರು: ‘ಆ ರಸ್ತೆದಾಗ ಕಬ್ಬಿನ ಟ್ರ್ಯಾಕ್ಟರು, ಲಾರಿ... ನೀ ಒಬ್ಬಾಕಿ ಕಾರು ಹೊಡಕೊಂಡು...’

‘ಎರಡ ಗಾಲಿ ಮ್ಯಾಲೆ ಹೋದ್ರ ಲಾರಿ ಹಾಯಂಗಿಲ್ಲೇನು?’

ನನಗೆ ಬಂದ ಸಿಟ್ಟು ಸ್ಕೂಟರಿನದಲ್ಲ. ನಾನು ಒಂದು ಶಬ್ದ ಹೇಳಿದ್ದೆ. ಕೇಳಿದವರು ಮೂವರು: ಇವರು, ಅತ್ತೆ, ಸೋಲಾರಿನವರು. ಮೂವರೂ ಹೇಳಿದವಳ ಮುಖ ನೋಡಿ ಗಾಲಿ ಲೆಕ್ಕ ಹಾಕಿದ್ದರು, ಮೂವರಿಗೂ ಎರಡೇ ಬಂದಿದ್ದವು. ಅಳುವೂ ಬಂತು, ಪರರ ಮುಂದೆ ಅಳಬಾರದೆಂಬ ಹಟಕ್ಕೆ ಇನ್ನಷ್ಟು ಸಿಟ್ಟು ಬಂತು.

‘ಬ್ಯಾಡ ಬಿಡ್ರಿ. ಯಾವ ಗಾಡಿನೂ ಬ್ಯಾಡ, ಯಾವ ಸೋಲಾರೂ ಬ್ಯಾಡ. ಜೂನಿಗೆ ನೌಕರಿ ಬಿಡ್ತೇನಿ. ಕುಂತು ಉಣ್ತೇನಿ.’

ಸೋಲಾರಿನವರು ಟೇಪು ಸುತ್ತಿ ಕಿಸೆಗೆ ಹಾಕಿಕೊಂಡರು. ‘ಮನ್ಯಾಗ ಮಾತಾಡಿಕೊಂಡ ಫೋನ್ ಮಾಡ್ರಿ’ ಎಂದು ಚಹಾ ಕುಡಿಯದೆ ಹೋದರು. ಅತ್ತೆ ಮಾಳಿಗೆಯ ಅಂಚಿನಿಂದ ಎಲ್ಲವನ್ನೂ ನೋಡುತ್ತಿದ್ದರು. ಕೈಯಲ್ಲಿ ಸಂಡಿಗೆ ಹಿಟ್ಟು ಹಾಗೇ ಇತ್ತು.

ಆಮೇಲಿನ ದಿನಗಳಲ್ಲಿ ಮನೆ ಬಹಳ ಸಭ್ಯವಾಗಿತ್ತು. ‘ಊಟ ಆತೇನು’, ‘ಆತ್ರಿ’, ‘ಹಾಲು ತಂದ್ರೇನ್ರಿ’, ‘ತಂದೇನಿ’. ಅತ್ತೆ ಮಾತ್ರ ಎಂದಿನ ಹಾಗೆ ಮಾಳಿಗೆ ಏರಿ ಇಳಿಯುತ್ತಿದ್ದರು. ಒಂದು ಬೆಳಿಗ್ಗೆ ಸಂಡಿಗೆ ಹಾಸಲು ಇನ್ನೊಂದು ಧೋತರ ಬೇಕೆಂದು ನನ್ನನ್ನು ಕಪಾಟಿಗೆ ಕಳಿಸಿದರು. ಮೇಲಿನ ಖಾನೆಯಲ್ಲಿ ಧೋತರಗಳ ಹಿಂದೆ ದುಂಡಗಿನದೇನೋ ಕೈಗೆ ತಾಗಿತು. ಎಳೆದರೆ ಹೆಲ್ಮೆಟ್ಟು. ಹೊಸದು, ಪ್ಲಾಸ್ಟಿಕ್ ಚೀಲ ಇನ್ನೂ ಬಿಚ್ಚಿರಲಿಲ್ಲ; ಕುಂಕುಮದ ಬಣ್ಣ, ಹಿಂದೆ ಜಡೆಗೆಂದೋ ತುರುಬಿಗೆಂದೋ ಬಿಟ್ಟ ಒಂದು ತಗ್ಗು.

‘ಸಂಕ್ರಮಣದಾಗ ತಂದಿಟ್ಟಾನ,’ ಎಂದರು ಅತ್ತೆ ಬಾಗಿಲಲ್ಲಿ ನಿಂತು. ‘ಗಾಡಿ ಬಂದ ದಿನ ಕೊಡಾಂವ ಇದ್ದ. ಆಕಿ ತುರುಬಿನ ಅಳತಿ ಹೆಂಗ ತಗೊಳ್ಳೂದಬೇ ಅಂತ ನನ್ನ ಕೇಳಾಕತ್ತಿದ್ದ. ನಾ ಒಂದ ತೆಂಗಿನಕಾಯಿ ಕೊಟ್ಟ ಕಳಿಸಿದ್ನಿ.’

ನಾನು ಹೆಲ್ಮೆಟ್ಟು ತೊಡೆಯ ಮೇಲಿಟ್ಟುಕೊಂಡು ಮಂಚದ ಮೇಲೆ ಕುಳಿತೆ. ತೆಂಗಿನಕಾಯಿ ಹಿಡಿದುಕೊಂಡು ಹೆಲ್ಮೆಟ್ಟಿನ ಅಂಗಡಿಯಲ್ಲಿ ನಿಂತ ಇವರನ್ನು ನೆನೆದು ನಗು ಬಂತು, ನಕ್ಕೆ. ಸಿಟ್ಟು ಇಳಿಯಿತೆಂದು ಹೇಳಲಾರೆ. ಆದರೆ ಅದನ್ನು ಇವರ ಮೇಲೆ ಪೂರ್ತಿ ಹೊರಿಸುವುದು ಅಂದಿನಿಂದ ಕಷ್ಟವಾಯಿತು.

ಮಧ್ಯಾಹ್ನ ಊಟಕ್ಕೆ ಬಂದವರ ತಾಟಿನ ಪಕ್ಕದಲ್ಲಿ ಹೆಲ್ಮೆಟ್ಟು ಇಟ್ಟೆ. ಇವರು ಅದನ್ನು ಕೈಗೆತ್ತಿಕೊಂಡರು.

‘ನಿನಗ ಬ್ಯಾಡ ಅಂತ ಅಲ್ಲ,’ ಎಂದರು. ‘ನೀ ಕಾರು ಹೊಡಿಯೂದು ನನ್ನ ಕಣ್ಣಾಗ ಬರಲೇ ಇಲ್ಲ ನೋಡು. ಸ್ಕೂಟರ್ ಮ್ಯಾಲೆ ಹೊಂಟದ್ದು ಬರತಿತ್ತು. ಸೆರಗ ಕಟ್ಟಿಕೊಂಡು, ಇದನ್ನ ಹಾಕ್ಕೊಂಡು.’

‘ಈಗ?’

‘ಈಗೂ ಬರವಲ್ದು. ಒಮ್ಮೆ ಹೊಡದ ತೋರಸು.’

ಆ ಭಾನುವಾರ ವಿಜ್ಞಾನ ಶಿಕ್ಷಕಿಯನ್ನು ಊಟಕ್ಕೆ ಕರೆದೆ. ಅವರು ಕಾರಿನಲ್ಲೇ ಬಂದರು. ಊಟ ಮುಗಿದ ಮೇಲೆ ಅವರನ್ನು ಅತ್ತೆಯ ಜೊತೆ ಎಲೆ ಅಡಿಕೆಗೆ ಕೂರಿಸಿ, ಕೀಲಿ ಇಸಿದುಕೊಂಡು ಇವರನ್ನು ಪಕ್ಕದಲ್ಲಿ ಹತ್ತಿಸಿಕೊಂಡೆ. ತಿಳವಳ್ಳಿ ರಸ್ತೆ ಹಿಡಿದೆ. ಇವರು ಮೇಲಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದಿದ್ದರು. ಸಂತೆಗೆ ಹೊರಟ ಟ್ರ್ಯಾಕ್ಟರೊಂದು ಎದುರಾದಾಗ ಇವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು. ನಾನು ಮಾತಾಡಲಿಲ್ಲ. ಕಾರೂ ಸದ್ದು ಮಾಡಲಿಲ್ಲ. ತಿಳವಳ್ಳಿಯಲ್ಲಿ ಹಳೆಯ ಗುಡಿಯ ಮುಂದೆ ಹೊರಳಿಸುವಾಗ ದಾರಿಯಲ್ಲಿ ಮಲಗಿದ್ದ ಎಮ್ಮೆ ಏಳಲಿಲ್ಲ. ಹಿಂದೆ ತೆಗೆದು, ಮುಂದೆ ತಂದು, ಅದರ ಬಾಲಕ್ಕೂ ತಾಗದಂತೆ ಹೊರಳಿಸಿದೆ. ಇವರು ಒಂದು ಕೈ ಬಿಟ್ಟರು. ಅಕ್ಕಿಮಿಲ್ಲಿನ ಹತ್ತಿರ ಬರುವಾಗ ಇನ್ನೊಂದನ್ನೂ ಬಿಟ್ಟು, ಕಿಟಕಿ ಇಳಿಸಿ, ಪರಿಚಯದವರೊಬ್ಬರಿಗೆ ಕೈ ಮಾಡಿದರು.

ಮನೆ ಮುಂದೆ ಇಳಿದವರು ಒಳಗೂ ಹೋಗದೆ ಹಿರೇಕೆರೂರಿಗೆ ಫೋನ್ ಹಚ್ಚಿದರು. ‘ನಾಳಿಗೆ ಬರ್ರಿ. ಹಳೇ ಪ್ಲಾನ್ ಬ್ಯಾಡ. ನಾಕ ಗಾಲಿದು ಹಾಕ್ರಿ.’

ನಾಲ್ಕು ಗಾಲಿಯ ಲೆಕ್ಕ ಮೆಟ್ಟಿಲ ಕೋಣೆಯ ಮೇಲೆ ಹಿಡಿಸಲಿಲ್ಲ. ಸೋಲಾರಿನವರು ಮಾಳಿಗೆಯ ದಕ್ಷಿಣಕ್ಕೆ ಬಂದು ನಿಂತು, ಅತ್ತೆಯ ಸಂಡಿಗೆಗಳನ್ನು ದಾಟುವ ಧೈರ್ಯವಾಗದೆ ಅಲ್ಲಿಂದಲೇ ಕೈ ತೋರಿಸಿದರು. ಇಷ್ಟೂ ಬೇಕು. ಎತ್ತರದ ಕಂಬ ಹಾಕಿ ಮಾಡಿನ ಹಾಗೆ ಕಟ್ಟಬಹುದು, ಕೆಳಗೆ ಓಡಾಡಬಹುದು, ಆದರೆ ಬಿಸಿಲು ಬೀಳುವುದಿಲ್ಲ.

ನಾವು ಮೂವರೂ ಅತ್ತೆಯ ಕಡೆ ನೋಡಿದೆವು. ಅವರು ಹಣೆಯ ವಿಭೂತಿಯ ಮೇಲೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿದರು, ನೆಲ ನೋಡಿದರು. ನನಗೆ ಅವರನ್ನು ಕೇಳುವ ಬಾಯಿ ಬರಲಿಲ್ಲ. ವರ್ಷಕ್ಕೆ ಎರಡೇ ತಿಂಗಳು ಅವರದಾಗುವ ಆ ಜಾಗವನ್ನು ನಾನು ವರ್ಷವಿಡೀ ಇಟ್ಟುಕೊಳ್ಳುತ್ತೇನೆ ಎಂದು ಹೇಗೆ ಹೇಳುವುದು?

‘ಶಾವಿಗಿ ನೆಳ್ಳಾಗ ಒಣಗತಾವ,’ ಎಂದರು ಅತ್ತೆ, ತಮಗೆ ತಾವೇ ಎಂಬಂತೆ. ‘ಹಪ್ಪಳಾನೂ ನೆಳ್ಳಾಗ ಹಾಕೋದ ಚಲೋ, ಸೀಳಂಗಿಲ್ಲ. ಸಂಡಿಗಿ ಒಂದ ಪೀಕಲಾಟ. ಅವಕ್ಕ ಟ್ಯಾಂಕಿನ ಕಡೆ ಒಂದ ಮೂಲಿ ಬಿಡು ತಮ್ಮಾ.’

‘ಬಿಡತೇನ್ರಿ ಅಮ್ಮಾರ.’

‘ಹಂಗಾರ ಹಾಸು.’ ಆಮೇಲೆ ನನ್ನ ಕಡೆ ತಿರುಗಿದರು. ‘ನಾ ಬಿಸಲು ಕೊಟ್ನಿ. ಮುಯ್ಯಿ ನೀ ಏನ ಕೊಡ್ತಿ?’

‘ಏನ ಬೇಕ್ರಿ ಅತ್ತಿ? ಸವಣೂರಿಗೆ ಕರಕೊಂಡ ಹೋ...’

‘ಸವಣೂರ ಎಲ್ಲಿಗೂ ಹೋಗಂಗಿಲ್ಲ, ಇರ್ಲಿ. ನೌಕರಿ ಬಿಡಬ್ಯಾಡ.’

ನಾನು ಅವರನ್ನೇ ನೋಡಿದೆ.

‘ಯಾಕ ಹಂಗ ನೋಡತಿ? ನೀ ಮನ್ಯಾಗ ಕುಂತಿ ಅಂದ್ರ ಹಗಲೆಲ್ಲಾ ಇಬ್ಬರ ನಾವು, ಒಂದ ಒಲಿ. ಮಾಳಿಗಿನೂ ಹೋತು, ಓಡಿ ಹೋಗಾಕ ಜಾಗಾನೂ ಇಲ್ಲ. ಬಡದಾಡಿ ಸಾಯತೇವಿ.’ ಸೆರಗು ಎಳೆದುಕೊಂಡು ಸಂಡಿಗೆಯ ಕಡೆ ಬಾಗಿದರು. ‘ಮತ್ತ ಸಂಜಿಗೆ ನೀ ಬಂದು ಸಾಲೀದು ಹೇಳಲಿಲ್ಲಂದ್ರ ನನಗ ಹೊತ್ತ ಹೋಗಂಗಿಲ್ಲ. ಆ ತಡವರಿಸೋ ಹುಡುಗಿ ಈಗ ಹೆಂಗ ಓದತಾಳ ಅಂತ ಯಾರ ಹೇಳತಾರ ನನಗ?’

ನಾನು ಅದನ್ನೆಲ್ಲ ರೊಟ್ಟಿ ಬಡಿಯುತ್ತ ಗೋಡೆಗೆ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಪರರ ಮುಂದೆ ಅಳಬಾರದೆಂಬ ಹಟ ಆ ದಿನ ನಡೆಯಲಿಲ್ಲ. ಸೋಲಾರಿನವರು ಮತ್ತೆ ಗೋಡೆ ಪರೀಕ್ಷೆ ಮಾಡಿದರು.

ಜೂನ್ ಹೊತ್ತಿಗೆ ಫಲಕಗಳು ಕುಳಿತವು. ಅವು ಕುಳಿತ ವಾರವೇ ಮಳೆ ಹಿಡಿಯಿತು. ಮುಯ್ಯಿ ಕೊಡುವ ಮೊದಲೇ ತೆಗೆದುಕೊಳ್ಳಲು ಶುರುಮಾಡಿದಿರಿ ಎಂದು ಸೋಲಾರಿನವರು ಫೋನಿನಲ್ಲಿ ನಕ್ಕರು. ಅಂಗಳದ ಗೋಡೆಗೆ ಚಾರ್ಜಿಂಗಿನ ಬಿಳಿ ಪೆಟ್ಟಿಗೆ ಬಂತು, ಗೇಟು ಅಗಲವಾಯಿತು. ಕಾರು ಹೇಳಿಟ್ಟಿದ್ದೇವೆ, ಬರುವುದು ಇನ್ನೂ ತಡ. ಅಲ್ಲಿಯವರೆಗೆ ಇವರು ದಿನಾ ಬೆಳಿಗ್ಗೆ ನನ್ನನ್ನು ತಮ್ಮ ಬೈಕಿನಲ್ಲಿ ಹಾನಗಲ್ ಸ್ಟ್ಯಾಂಡಿಗೆ ಬಿಡುತ್ತಾರೆ. ಬಿತ್ತನೆಯ ದಿನಗಳು, ರೈತರು ಅಂಗಡಿ ಮುಂದೆ ಕಾಯುತ್ತಾರೆ. ‘ಕಾಯಲಿ’ ಎನ್ನುತ್ತಾರೆ ಇವರು. ಹಿಂದೆ ಕುಳಿತ ನನ್ನ ತಲೆಯ ಮೇಲೆ ಆ ಕುಂಕುಮದ ಬಣ್ಣದ ಹೆಲ್ಮೆಟ್ಟು. ತುರುಬಿಗೆ ಸರಿಯಾಗಿ ಕೂರುತ್ತದೆ. ಶಿಗ್ಗಾಂವಿ ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಸಿಗುತ್ತಿದೆ.

ಹೋದ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದಾಗ ಗೇಟು ತೆರೆದೇ ಇತ್ತು. ಓಣಿಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸೊಬ್ಬರು ಅಂಗಳದಲ್ಲಿ ನಿಂತು ಆ ಬಿಳಿ ಪೆಟ್ಟಿಗೆ ನೋಡುತ್ತಿದ್ದರು. ಕಟ್ಟೆಯ ಮೇಲೆ ಅತ್ತೆ ಅಕ್ಕಿ ಆರಿಸುತ್ತಿದ್ದರು. ಇಬ್ಬರೂ ನನ್ನನ್ನು ನೋಡಲಿಲ್ಲ.

‘ಇದೇನ್ರಿ ಅಮ್ಮಾರ, ಮೀಟರೇನು?’

‘ಅಲ್ಲ. ನಮ್ಮ ಸೊಸಿ ಕಾರಿಂದು.’

ಆ ಹೆಂಗಸು ಅಂಗಳದ ಆ ತುದಿಯಿಂದ ಈ ತುದಿಗೆ ಕಣ್ಣಾಡಿಸಿದರು. ‘ಕಾರ ಎಲ್ಲೈತ್ರಿ?’

‘ಕಾರು ಇನ್ನ ಬಂದಿಲ್ಲ,’ ಎಂದರು ಅತ್ತೆ, ಮೊರದಿಂದ ತಲೆ ಎತ್ತದೆ. ‘ಸೊಸಿ ಸಾಲಿಗೆ ಹೋಗ್ಯಾಳ.’